ಕಣಿವೆಯಲ್ಲಿ, ಕರಾವಳಿಯಲ್ಲಿ ಮಂಜು ಏಕೆ ಕವಿಯುತ್ತದೆ?

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ದೀಪಾವಳಿ ಕಳೆಯಿತೆಂದರೆ ಬೆಳಗಿನ ಹೊತ್ತು ಹೊಲದ ಬದು ಕಾಣದಷ್ಟು ಮಂಜು ಕವಿಯುವುದು ಎಲ್ಲರೂ ಬಲ್ಲ ಸಂಗತಿ. ಅಂಥ ನಾಲ್ಕಾರು ದಿನ ಕಳೆದ ಮೇಲೆ ಟೊಮ್ಯಾಟೊ ಗಿಡ ಕಪ್ಪಾದರೆ, ಭತ್ತದ ತೆನೆ ಜೊಳ್ಳಾದರೆ, ಗೇರಿನ ಹೂ ಕರಟಿದರೆ "ಮಂಜು ಬಿದ್ದು ಬೆಳೆ ಸುಟ್ಟಿತು" ಎಂದು ಹೇಳುವುದು ವಾಡಿಕೆ. ವಾಸ್ತವವಾಗಿ ಮಂಜು ಮೇಲಿನಿಂದ ಬೀಳುವುದೂ ಇಲ್ಲ, ಬೆಳೆಯನ್ನು ಸುಡುವುದೂ ಇಲ್ಲ. ಅದು ಹುಟ್ಟುವುದು ನೆಲದ ಬಳಿಯಲ್ಲಿಯೇ. ಎಲ್ಲಿ, ಯಾವಾಗ, ಏಕೆ ಹುಟ್ಟುತ್ತದೆ ಎಂಬುದನ್ನು ಅರಿತರೆ ನಷ್ಟದ ನಿಜವಾದ ಕಾರಣ ತಿಳಿಯುತ್ತದೆ. ತಕ್ಕ ಕ್ರಮ ಕೈಗೊಳ್ಳಲೂ ಸಾಧ್ಯವಾಗುತ್ತದೆ.

ಮಂಜು ಎಂದರೇನು?

ಗಾಳಿಯಲ್ಲಿ ಯಾವಾಗಲೂ ಕಣ್ಣಿಗೆ ಕಾಣದ ನೀರಾವಿ ಇರುತ್ತದೆ. ಬೆಚ್ಚಗಿನ ಗಾಳಿ ಹೆಚ್ಚು ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ತಣ್ಣನೆಯ ಗಾಳಿ ಕಡಿಮೆ. ಒಂದು ಘನ ಮೀಟರ್ ಗಾಳಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 17 ಗ್ರಾಂ ಆವಿಯನ್ನು ಹಿಡಿದರೆ, 15 ಡಿಗ್ರಿಯಲ್ಲಿ ಸುಮಾರು 13 ಗ್ರಾಂ, 10 ಡಿಗ್ರಿಯಲ್ಲಿ 9 ಗ್ರಾಂಗಿಂತ ತುಸು ಹೆಚ್ಚು ಮಾತ್ರ ಹಿಡಿಯುತ್ತದೆ. ಸಂಜೆ 20 ಡಿಗ್ರಿ ಇದ್ದ ಗಾಳಿಯಲ್ಲಿ 13 ಗ್ರಾಂ ಆವಿ ಇತ್ತೆಂದು ಭಾವಿಸೋಣ. ರಾತ್ರಿ ಅದು 15 ಡಿಗ್ರಿಗೆ ಇಳಿದಾಗ ತುಂಬಿದ ಕೊಡದಂತಾಗುತ್ತದೆ. ಇನ್ನೂ ತಣ್ಣಗಾದರೆ ಹೆಚ್ಚಾದ ಆವಿ ನೀರಾಗಲೇಬೇಕು. ಎಲೆ, ಹುಲ್ಲುಗಳ ಮೇಲೆ ನೀರಾದರೆ ಅದು ಇಬ್ಬನಿ. ಗಾಳಿಯಲ್ಲಿರುವ ಸೂಕ್ಷ್ಮ ಕಣಗಳ ಸುತ್ತ ಹನಿಗಟ್ಟಿ ತೇಲಿದರೆ ಅದು ಮಂಜು. ಒಂದು ಕಿಲೋಮೀಟರಿಗಿಂತ ಆಚೆಗೆ ಕಾಣದಷ್ಟು ದಟ್ಟವಾಗಿದ್ದರೆ ಮಾತ್ರ ಹವಾಮಾನ ಶಾಸ್ತ್ರದಲ್ಲಿ ಅದನ್ನು ಮಂಜು ಎಂದು ಕರೆಯುತ್ತಾರೆ.

ಕಣಿವೆಯ ಮಂಜು

ಚಳಿಗಾಲದಲ್ಲಿ ಆಕಾಶ ಶುಭ್ರವಾಗಿದ್ದು ಗಾಳಿ ಬೀಸದಿದ್ದರೆ, ಹಗಲು ಕಾದ ನೆಲ ರಾತ್ರಿ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ಕಾವನ್ನು ತಡೆಯುತ್ತದೆ. ಆದುದರಿಂದಲೇ ಮೋಡ ಕವಿದ ರಾತ್ರಿ ಇಂಥ ಮಂಜು ಕಡಿಮೆ. ನೆಲ ತಣ್ಣಗಾದಂತೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಭಾರವಾದ ಈ ಗಾಳಿ ಇಳಿಜಾರಿನಲ್ಲಿ ನೀರಿನಂತೆಯೇ ಮೆಲ್ಲಗೆ ಹರಿದು ತಗ್ಗಿನಲ್ಲಿ ಬಂದು ನಿಲ್ಲುತ್ತದೆ. ಹಳ್ಳ, ಕೆರೆ, ಗದ್ದೆಗಳಿರುವುದೂ ತಗ್ಗಿನಲ್ಲಿಯೇ. ತಂಪೂ ತೇವವೂ ಒಂದೇ ಕಡೆ ಸೇರುವುದರಿಂದ ಕಣಿವೆಯಲ್ಲಿ ಮಂಜು ಮೊದಲು ಹುಟ್ಟುತ್ತದೆ, ಕೊನೆಗೆ ಕರಗುತ್ತದೆ.

ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಂಪಾಗುತ್ತದೆ. ಮಂಜಿನ ರಾತ್ರಿಯಲ್ಲಿ ಇದು ತಲೆಕೆಳಗಾಗಿ, ತಣ್ಣನೆಯ ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ಇರುತ್ತದೆ. ಮೇಲಿನ ಬೆಚ್ಚನೆಯ ಪದರ ಮುಚ್ಚಳದಂತೆ ಮಂಜನ್ನು ಕೆಳಗೇ ಹಿಡಿದಿಡುತ್ತದೆ. 1478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಮುಂಜಾನೆ ನಿಂತವರಿಗೆ ತಲೆಯ ಮೇಲೆ ತಿಳಿಯಾದ ಆಕಾಶ, ಕಾಲ ಕೆಳಗೆ ಹಾಲಿನ ಕಡಲಿನಂಥ ಮಂಜು ಕಾಣುವುದು ಈ ಕಾರಣದಿಂದಲೇ. ಬಿಸಿಲೇರಿ ನೆಲ ಕಾದ ಮೇಲೆ ಹನಿಗಳು ಮತ್ತೆ ಆವಿಯಾಗಿ ಮಂಜು ಕರಗುತ್ತದೆ.

ಮಲೆನಾಡಿನ ಮುಂಗಾರಿನ ಮಂಜು ಬೇರೆ ಬಗೆಯದು. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟವನ್ನೇರುವಾಗ ಹಿಗ್ಗಿ ತಣ್ಣಗಾಗುತ್ತದೆ. ಆಗುಂಬೆ, ಮಡಿಕೇರಿಗಳಲ್ಲಿ ಜುಲೈ ತಿಂಗಳಿನಲ್ಲಿ ಕಾಣುವ ಮಂಜು ಬೆಟ್ಟಕ್ಕೆ ತಾಗಿದ ಮೋಡವೇ. ಇದಕ್ಕೆ ಶುಭ್ರ ಆಕಾಶವೂ ಬೇಡ, ನಿಂತ ಗಾಳಿಯೂ ಬೇಡ; ಹಗಲಿಡೀ ಇರಬಲ್ಲದು.

ಕರಾವಳಿಯ ಮಂಜು

ಅಮೆರಿಕದ ಕ್ಯಾಲಿಫೋರ್ನಿಯ, ದಕ್ಷಿಣ ಅಮೆರಿಕದ ಪೆರು ಮತ್ತು ಚಿಲಿ, ಆಫ್ರಿಕದ ನಮೀಬಿಯ ಕರಾವಳಿಗಳಲ್ಲಿ ಮಂಜು ಸಮುದ್ರದ ಮೇಲೆಯೇ ಹುಟ್ಟುತ್ತದೆ. ಅಲ್ಲಿ ಆಳದ ತಣ್ಣೀರು ದಡದ ಬಳಿ ಮೇಲಕ್ಕೆ ಬರುತ್ತದೆ. ಬೆಚ್ಚನೆಯ ತೇವದ ಗಾಳಿ ಆ ತಣ್ಣೀರಿನ ಮೇಲೆ ಹಾದು ಬರುವಾಗ ಮಂಜಾಗಿ ದಡಕ್ಕೆ ಬರುತ್ತದೆ. ಚಿಲಿಯ ಚುಂಗುಂಗೋ ಎಂಬ ಹಳ್ಳಿಗೆ ಬೆಟ್ಟದ ಮೇಲೆ ಬಲೆ ಕಟ್ಟಿ ಮಂಜಿನ ಹನಿ ಹಿಡಿದು 1992ರಿಂದ ಕೆಲವು ವರ್ಷ ಕುಡಿಯುವ ನೀರು ಒದಗಿಸಲಾಗಿತ್ತು.

ನಮ್ಮ ಕರಾವಳಿಯ ಸ್ಥಿತಿ ಹಾಗಲ್ಲ. ಚಳಿಗಾಲದಲ್ಲಿಯೂ ಇಲ್ಲಿನ ಸಮುದ್ರದ ನೀರು ಸುಮಾರು 27-28 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಇಂಥ ನೀರು ಗಾಳಿಯನ್ನು ತಣಿಸಲಾರದು. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡಗಳ ಬೆಳಗಿನ ಮಂಜು ನೆಲದ ಮೇಲೆ ಹುಟ್ಟಿದ್ದು. ಹಗಲು ಕಡಲ ಗಾಳಿ ತೇವವನ್ನು ಒಳನಾಡಿಗೆ ತರುತ್ತದೆ. ರಾತ್ರಿ ಘಟ್ಟದ ತಂಪು ಗಾಳಿ ಹೊಳೆಯ ಪಾತ್ರಗಳ ಗುಂಟ ಕೆಳಗಿಳಿಯುತ್ತದೆ. ಗದ್ದೆ, ತೋಟ, ಹೊಳೆಗಳ ತೇವವೂ ಸೇರಿ ತಗ್ಗಿನಲ್ಲಿ ಮಂಜು ನಿಲ್ಲುತ್ತದೆ. ಎಂದರೆ, ಕರಾವಳಿಯಲ್ಲಿಯೂ ಇದು ಬಹುಮಟ್ಟಿಗೆ ಕಣಿವೆಯ ಮಂಜೇ.

ಬೆಳೆಗೆ ಹಾನಿ ಹೇಗೆ?

ಮಂಜಿನ ಹನಿ ಬರಿಯ ನೀರು, ಅದರಲ್ಲಿ ವಿಷವಿಲ್ಲ. ಆದರೆ ಎಲೆ ಬಹಳ ಹೊತ್ತು ಒದ್ದೆಯಾಗಿರುವುದು ಅನೇಕ ಶಿಲೀಂಧ್ರಗಳಿಗೆ ಬೇಕಾದ ಸ್ಥಿತಿ. ಬೀಜಾಣು ಮೊಳೆತು ಎಲೆಯೊಳಕ್ಕೆ ಇಳಿಯಲು ಕೆಲವು ಗಂಟೆಗಳ ನೀರಿನ ಪಸೆ ಸಾಕು. ಟೊಮ್ಯಾಟೊ ಮತ್ತು ಆಲೂಗಡ್ಡೆಯ ಅಂಗಮಾರಿ, ದ್ರಾಕ್ಷಿಯ ಬೂಜು ತುಪ್ಪಟ ರೋಗ, ಭತ್ತದ ಬೆಂಕಿ ರೋಗ ಇಂಥವು. ಬೆಂಕಿ ರೋಗದಲ್ಲಿ ಗದ್ದೆ ಸುಟ್ಟಂತೆ ಕಾಣುವುದು ಮಂಜಿನಿಂದಲ್ಲ, ಶಿಲೀಂಧ್ರದಿಂದ. ಅಡಿಕೆಯ ಕೊಳೆರೋಗವೂ ಮುಂಗಾರಿನ ಎಡೆಬಿಡದ ತೇವದಲ್ಲಿ ಹಬ್ಬುವಂಥದು. ಅದು ಶಿಲೀಂಧ್ರದಿಂದ ಬರುತ್ತದೆಂದು ಮೈಸೂರು ಸಂಸ್ಥಾನದಲ್ಲಿ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ವಿವರಿಸಿದ್ದರು.

ಗೇರಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಹೂಗೊಂಚಲು ಕಪ್ಪಾಗಿ ಕರಟುವುದಕ್ಕೆ ಮಂಜೇ ಕಾರಣವೆಂದು ಅನೇಕರು ಕೈಕಟ್ಟಿ ಕೂರುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ರಸ ಹೀರಿ ಅದನ್ನು ಒಣಗಿಸುವುದು ಟೀ ಸೊಳ್ಳೆ ಎಂಬ ಕೀಟ. ಮಂಜನ್ನು ತಡೆಯಲಾಗದು, ಕೀಟವನ್ನು ತಡೆಯಬಹುದು. ತಪ್ಪು ಕಾರಣವನ್ನು ನಂಬಿದರೆ ಒಂದು ವರ್ಷದ ಫಸಲೇ ಕೈತಪ್ಪುತ್ತದೆ.

ರೈತರು ಗಮನಿಸಬೇಕಾದ ಅಂಶಗಳು

1. ಜಮೀನಿನಲ್ಲಿ ಮಂಜು ಎಲ್ಲಿ ಮೊದಲು ನಿಲ್ಲುತ್ತದೆ, ಎಲ್ಲಿ ಕೊನೆಗೆ ಕರಗುತ್ತದೆ ಎಂಬುದನ್ನು ಒಂದು ಚಳಿಗಾಲ ಗುರುತಿಸಿಡಬೇಕು. ಚಳಿಗಾಲದ ಟೊಮ್ಯಾಟೊ, ಆಲೂಗಡ್ಡೆಗಳನ್ನು ಆದಷ್ಟು ಎತ್ತರದ, ಬೇಗ ಬಿಸಿಲು ಬೀಳುವ ತಾಕಿನಲ್ಲಿ ಬೆಳೆಯುವುದು ಮೇಲು.

2. ಗಿಡಗಳನ್ನು ಒತ್ತಾಗಿ ನೆಡಬಾರದು. ಟೊಮ್ಯಾಟೊ ಗಿಡಕ್ಕೆ ಊರುಗೋಲು ಕೊಟ್ಟು ನೆಲಕ್ಕೆ ತಾಗುವ ಎಲೆಗಳನ್ನು ತೆಗೆಯಬೇಕು. ಗಾಳಿಯಾಡಿದರೆ ಎಲೆ ಬೇಗ ಆರುತ್ತದೆ.

3. ಮಂಜಿನ ದಿನಗಳಲ್ಲಿ ಸಂಜೆ ತುಂತುರು ನೀರಾವರಿ ಮಾಡಬಾರದು. ಬೆಳಗ್ಗೆ ನೀರು ಹಾಯಿಸಬೇಕು. ಹನಿ ನೀರಾವರಿ ಉತ್ತಮ.

4. ಭತ್ತಕ್ಕೆ ಸಾರಜನಕ ಗೊಬ್ಬರವನ್ನು ಶಿಫಾರಸಿಗಿಂತ ಹೆಚ್ಚು ಕೊಡಬಾರದು, ಕಂತುಗಳಲ್ಲಿ ಕೊಡಬೇಕು. ಹೆಚ್ಚಾದರೆ ಬೆಂಕಿ ರೋಗ ಉಲ್ಬಣಿಸುತ್ತದೆ.

5. ಎಲೆ ಒದ್ದೆಯಿರುವಾಗ ಔಷಧಿ ಸಿಂಪಡಿಸಿದರೆ ಅದು ಹರಿದುಹೋಗುತ್ತದೆ. ಇಬ್ಬನಿ ಆರಿದ ಮೇಲೆ ಸಿಂಪಡಿಸಬೇಕು. ಹುರುಳಿಕಾಯಿ ತಾಕಿನಲ್ಲಿ ಒದ್ದೆ ಗಿಡಗಳ ನಡುವೆ ಓಡಾಡಿದರೆ ಕೈ, ಬಟ್ಟೆಗಳಿಂದಲೂ ರೋಗ ಹರಡುತ್ತದೆ.

6. ಅಡಿಕೆಗೆ ಶೇಕಡ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮುನ್ನವೇ ಸಿಂಪಡಿಸಿ, 40-45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು.

7. ಗೇರು ಚಿಗುರುವಾಗ, ಹೂ ಬಿಡುವಾಗ, ಕಾಯಿ ಕಟ್ಟುವಾಗ ಟೀ ಸೊಳ್ಳೆಗಾಗಿ ಮರಗಳನ್ನು ಪರೀಕ್ಷಿಸಬೇಕು.

8. ಕಣದ ಭತ್ತ, ಒಣಹಾಕಿದ ಕಾಫಿ, ಅಡಿಕೆಗಳನ್ನು ಸಂಜೆಯೇ ಮುಚ್ಚಿ, ಬೆಳಗ್ಗೆ ಮಂಜು ಕರಗಿದ ಮೇಲೆ ಹರಡಬೇಕು.

ಸಂಜೆ ಆಕಾಶ ತಿಳಿಯಾಗಿ, ಗಾಳಿ ನಿಂತು, ನೆಲದಲ್ಲಿ ಹಸಿ ಇದ್ದರೆ ಮರುದಿನ ತಗ್ಗಿನಲ್ಲಿ ಮಂಜು ಬರುವ ಸಂಭವ ಹೆಚ್ಚೆಂದು ತಿಳಿಯಬಹುದು. ಅಂಥ ಬೆಳಗು ನಾಲ್ಕಾರು ದಿನ ಸತತವಾಗಿ ಬಂದರೆ ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಬೇಕು. ಚುಕ್ಕೆ, ಬೂಜು ಕಂಡ ದಿನವೇ ರೋಗ ಬಿದ್ದ ಎಲೆಯನ್ನು ಕಾಗದದಲ್ಲಿ ಸುತ್ತಿ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ ಸಲಹೆ ಪಡೆಯಬೇಕು. ವಿಸ್ತರಣಾ ಕಾರ್ಯಕರ್ತರೂ ಈ ದಿನಗಳಲ್ಲಿ ತಗ್ಗಿನ ತಾಕುಗಳಿಗೆ ಮೊದಲು ಭೇಟಿ ಕೊಡುವುದು ಒಳ್ಳೆಯದು.