ಮೂವತ್ತು-ನಲವತ್ತರ ನಿವೇಶನದಲ್ಲಿ ಹಸಿರಿನ ಕರಾರು



ಬೆಟ್ಟದ ಸೀಮೆಯ ಸಭೆಯಲ್ಲಿ ಬೆಂಗಳೂರಿನ ರಾಮಮೂರ್ತಿ ನಗರದ ಕೈತೋಟಗಳ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಉತ್ತರ ಬೆಟ್ಟದಲ್ಲಿಯೇ ಇದೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನೊಳಗೆ ಇಂದು ಪೊದೆಪೊದೆಯಾಗಿ ಹಬ್ಬಿರುವ ಲಂಟಾನ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ದೇಶಕ್ಕೆ ಬಂದದ್ದು ತೋಟದ ಅಲಂಕಾರಕ್ಕೆಂದು. ಯಾರದೋ ಅಂಗಳದ ಅಂದಕ್ಕೆ ಒಪ್ಪಿದ ಗಿಡದ ಬೆಲೆಯನ್ನು ಇಂದು ಕಾಡು ತೆರುತ್ತಿದೆ. ಆದುದರಿಂದ ತೋಟ ಮಾಡಿಸುವವರಿಗೂ ಅದನ್ನು ರೂಪಿಸಿಕೊಡುವ ವಿನ್ಯಾಸಕರಿಗೂ ನಡುವೆ ನಡೆಯುವ ಮಾತುಕತೆ ಅವರಿಬ್ಬರ ಖಾಸಗಿ ವ್ಯವಹಾರವಷ್ಟೇ ಅಲ್ಲ.

ಹೊರವರ್ತುಲ ರಸ್ತೆಯ ಮಗ್ಗುಲಿಗಿರುವ ರಾಮಮೂರ್ತಿ ನಗರದಂತಹ ಬಡಾವಣೆಗಳಲ್ಲಿ 30×40 ಅಡಿಯ ನಿವೇಶನದ ಮೇಲೆ ಮನೆ ಎದ್ದ ಬಳಿಕ ಉಳಿಯುವುದು ಗೇಟಿನೊಳಗಿನ ಒಂದು ಕಿರಿದಾದ ಪಟ್ಟಿ ಮತ್ತು ತಾರಸಿ. ಅಷ್ಟರಲ್ಲಿ ಮನೆಯವರ ಬಯಕೆಗಳು ಹಲವು. ಹಸಿರು ಬೇಕು, ಎಲೆ ಉದುರಬಾರದು. ನೆರಳು ಬೇಕು, ಬೇರು ಹರಡಬಾರದು. ಹೂವು ಬೇಕು, ಹುಳು ಬರಬಾರದು. ಇದನ್ನು ಕೇಳಿ ನಗುವ ವಿನ್ಯಾಸಕರೂ ಇದ್ದಾರೆ, ನಗಬೇಕಾದುದೇನೂ ಇಲ್ಲ. ಸಾಲದ ಕಂತು ಕಟ್ಟುತ್ತಿರುವವರಿಗೆ ಬಿರುಕುಬಿಟ್ಟ ಕಾಂಪೌಂಡು, ಕಟ್ಟಿಕೊಂಡ ಮೋರಿ ನಿಜವಾದ ಭಯಗಳೇ. ಆ ಭಯವನ್ನು ಅರಿತವನು ಗೋಡೆಯ ಬದಿಗೆ ಅರಳಿ, ಆಲಗಳನ್ನು ಸೂಚಿಸದೆ ಪಾರಿಜಾತ, ನಂದಿಬಟ್ಟಲು, ಕರಿಬೇವುಗಳನ್ನು ಸೂಚಿಸುತ್ತಾನೆ. ಎಲೆ ಉದುರಿಸದ ಮರವಿಲ್ಲ ಎಂಬುದನ್ನು ಮಾತ್ರ ಮೊದಲ ದಿನವೇ ಹೇಳಿಬಿಡಬೇಕು.

ವಿನ್ಯಾಸಕ ಬಗ್ಗದೆ ನಿಲ್ಲಬೇಕಾದ ಸ್ಥಳ ಹುಲ್ಲುಹಾಸು. ಇನ್ನೂರು ಚದರ ಅಡಿಯ ಹಾಸಿಗೆ ಬೇಸಿಗೆಯಲ್ಲಿ ಚದರ ಮೀಟರಿಗೆ ಐದು ಲೀಟರಿನ ಲೆಕ್ಕ ಹಿಡಿದರೂ ದಿನಕ್ಕೆ 90 ಲೀಟರಿಗೂ ಹೆಚ್ಚು ನೀರು ಬೇಕು. 2024ರ ಮಾರ್ಚ್‌ನಲ್ಲಿ, ನಗರದ ಕೊಳವೆಬಾವಿಗಳು ಬತ್ತಿ ಟ್ಯಾಂಕರುಗಳಿಗಾಗಿ ಜನ ಕಾದಿದ್ದಾಗ, ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಹುಲ್ಲುಹಾಸನ್ನು ಕೇಳಿದ್ದು ಮನೆಯೊಡೆಯನೇ ಇರಬಹುದು. ಆದರೆ ಬೇಸಿಗೆಯ ಲೆಕ್ಕವನ್ನು ಅವನ ಮುಂದಿಡದೆ ಹಾಸಿಕೊಟ್ಟವನು ತನ್ನ ವೃತ್ತಿಯನ್ನು ಅರ್ಧಕ್ಕೇ ಮುಗಿಸಿದಂತೆ.

ಲೆಕ್ಕದ ಇನ್ನೊಂದು ಮಗ್ಗುಲು ಆಶಾದಾಯಕವಾಗಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಅಂದರೆ 1,200 ಚದರ ಅಡಿಯ ನಿವೇಶನದ ಮೇಲೆಯೇ ಒಂದು ಲಕ್ಷ ಲೀಟರಿಗೂ ಮಿಗಿಲಾದ ನೀರು ಸುರಿಯುತ್ತದೆ. ಈ ಅಳತೆಯ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹವನ್ನು 2009ರಲ್ಲಿಯೇ ಕಾನೂನು ಕಡ್ಡಾಯಗೊಳಿಸಿತು. ತಾರಸಿಯ ಕೊಳವೆ ಎಲ್ಲಿ ಇಳಿಯುತ್ತದೆ, ಇಂಗುಗುಂಡಿ ಎಲ್ಲಿ, ತುಂಬಿದ ಮೇಲೆ ನೀರು ಎತ್ತ ಹರಿಯುತ್ತದೆ ಎಂಬ ಗೆರೆಗಳನ್ನು ಮೊದಲು ಎಳೆದು, ಗಿಡಗಳನ್ನು ಆಮೇಲೆ ಗುರುತಿಸಿದ ನಕ್ಷೆಯೇ ನಿಜವಾದ ನಕ್ಷೆ.

ತಡವಾಗಿ ಫಲ ಕೊಡುವುದನ್ನು ಹಣ ಕೊಡುವವರು ಒಪ್ಪುವರೇ ಎಂಬ ಸಂದೇಹಕ್ಕೆ ಇದೇ ನಗರದಲ್ಲಿ ಹಳೆಯ ನಿದರ್ಶನವಿದೆ. ಜರ್ಮನಿಯಲ್ಲಿ ಹುಟ್ಟಿ, ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡದ ಮಹಾರಾಜರ ಸೇವೆಯಿಂದ 1908ರಲ್ಲಿ ಲಾಲ್‌ಬಾಗಿಗೆ ಬಂದ ಜಿ. ಎಚ್. ಕ್ರುಂಬಿಗಲ್ ಅವರ ಗ್ರಾಹಕರು ಅರಸರೇ. ಒಂದು ಜಾತಿ ಹೂವು ಮುಗಿಸುವ ವೇಳೆಗೆ ಮತ್ತೊಂದು ಅರಳುವಂತೆ ಬೀದಿಮರಗಳನ್ನು ನೆಡುವ ಅವರ ಯೋಜನೆ, ನೆಟ್ಟ ವರ್ಷವೇ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ. ಮೈಸೂರು ಸಂಸ್ಥಾನ ಕಾಯಿತು. ಅವರು ಆರಿಸಿದ ಮರಗಳಲ್ಲಿ ಅನೇಕವು ಪರದೇಶದವು ಎಂಬುದೂ ನಿಜ; ಲಂಟಾನದ ಪಾಠ ಕಲಿತ ಇಂದಿನ ವಿನ್ಯಾಸಕ ಬೀಜ ಎಲ್ಲಿಯವರೆಗೆ ಹಾರುತ್ತದೆ ಎಂಬುದನ್ನೂ ವಿಚಾರಿಸಬೇಕಾಗುತ್ತದೆ.

ಅರಸರಿಗಿದ್ದ ಬಿಡುವು ಸಾಮಾನ್ಯ ಗೃಹಸ್ಥರಿಗಿಲ್ಲ. ಅವರೊಡನೆ ಕರಾರು ಬರೆದುಕೊಳ್ಳುವಾಗಲೇ ಮೂರು ಸಂಗತಿಗಳು ಸ್ಪಷ್ಟವಾಗಿರಲಿ: ಕೆಂಪುಮಣ್ಣು ಎಲ್ಲಿಂದ ಬರುತ್ತದೆ, ಬೇಸಿಗೆಯಲ್ಲಿ ನೀರು ಯಾವುದು, ಮೊದಲ ವರ್ಷದ ಆರೈಕೆ ಯಾರದು. ಹಣದ ಕೊನೆಯ ಕಂತನ್ನು ಗಿಡ ನೆಟ್ಟ ದಿನಕ್ಕೆ ಇಡದೆ ಮೊದಲ ದೊಡ್ಡ ಮಳೆಯ ಮರುದಿನಕ್ಕೆ ಇಟ್ಟರೆ ಇಬ್ಬರೂ ಒಟ್ಟಿಗೆ ನಿಂತು ನೀರು ಇಂಗಿತೇ, ಬೀದಿಗೆ ಹರಿಯಿತೇ ಎಂದು ನೋಡಬಹುದು.