ಹೋದ ರೈಲಿನ ಟಿಕೆಟ್

(ಪಾಡ್‌ಕಾಸ್ಟ್‌ನ ಈ ಸಂಚಿಕೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದೆ ಬರದೆ ಹಾಕ್ಕೊಂಡಿರೋರಿಗೆ, ಎಲ್ಲರಿಗೂ ನಮಸ್ಕಾರ. ಇವತ್ತು ಗೆಸ್ಟ್ ಯಾರೂ ಇಲ್ಲ, ನಾನೊಬ್ಬನೇ. ಮೂರು ಊರು, ಮೂವರು ಹಿರಿಯರು, ಒಂದು ಬೋರ್‌ವೆಲ್. ಇಷ್ಟೇ ಕಥೆ.

ನಮ್ಮದು ಕಡೂರು ಹತ್ರ ಒಂದು ಹಳ್ಳಿ. ಚಿಕ್ಕಮಗಳೂರು ಜಿಲ್ಲೆ ಅಂದ ತಕ್ಷಣ ಬೆಂಗಳೂರಿನ ಫ್ರೆಂಡ್ಸ್ ಕಣ್ಣು ಅರಳುತ್ತೆ. ಕಾಫಿ ತೋಟ, ಮಂಜು, ಹೋಮ್‌ಸ್ಟೇ! ನಮ್ಮದು ಆ ಚಿಕ್ಕಮಗಳೂರಲ್ಲ ಮಾರಾಯ್ರೆ. ಶೃಂಗೇರಿ, ಮೂಡಿಗೆರೆ ಕಡೆ ಸುರಿಯೋ ಮಳೆ ಗುಡ್ಡ ದಾಟಿ ನಮ್ಮ ಕಡೆ ಬರೋ ಹೊತ್ತಿಗೆ ಮೋಡದ ಜೇಬು ಖಾಲಿ ಆಗಿರುತ್ತೆ. ರಾಗಿ, ತೆಂಗು, ಈರುಳ್ಳಿ. ಬೋರಲ್ಲಿ ನೀರಿದ್ರೆ ಅಡಿಕೆ.

ನಮಗಿರೋದು ಎರಡು ಎಕರೆ. ತಾತ ಹಾಕಿದ ತೋಟ. ಮೊದಲನೇ ಬೋರ್ ಸಣ್ಣಗೆ ಬರ್ತಿದೆ. ಎರಡನೇದು 780 ಅಡಿ ಕೊರೆಸಿದ್ವಿ, ಒಂದು ವರ್ಷ ನೀರು ಬಂತು, ಆಮೇಲೆ ಬರೀ ಗಾಳಿ. ಅಪ್ಪ ಮೂರನೇದು ಕೊರೆಸ್ತೀನಿ ಅಂತ ಹಠ ಹಿಡಿದ್ರು. ನಾನು ಬಿ.ಕಾಂ. ಓದಿದೋನು ಬಿಡ್ತೀನಾ? ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ತೋರಿಸಿದೆ. ಕಾಮರ್ಸ್‌ನಲ್ಲಿ 'ಸಂಕ್ ಕಾಸ್ಟ್' ಅಂತ ಒಂದು ವಿಷಯ ಇದೆ. ಆಗಲೇ ಖರ್ಚಾಗಿರೋ ದುಡ್ಡು, ನೀವು ಏನೇ ತೀರ್ಮಾನ ಮಾಡಿದ್ರೂ ವಾಪಸ್ ಬರಲ್ಲ. ಹಾಗಾಗಿ ಮುಂದಿನ ತೀರ್ಮಾನ ಮಾಡುವಾಗ ಅದನ್ನ ಲೆಕ್ಕಕ್ಕೇ ತಗೋಬಾರದು. "ಎರಡನೇ ಬೋರಿನ ದುಡ್ಡು ಹೋಯ್ತು, ಮರೆತುಬಿಡು ಅಪ್ಪ" ಅಂದೆ.

ಅಪ್ಪ ಸ್ಕ್ರೀನ್ ನೋಡಿದ್ರು, ನನ್ನ ಮುಖ ನೋಡಿದ್ರು. "ನಿಂಗೆ ಎಲ್ಲಾನೂ ಲೆಕ್ಕ" ಅಂತ ಎದ್ದು ಹೋದ್ರು. ಅಲ್ಲಿಂದ ಸುಮಾರು ಒಂದೂವರೆ ತಿಂಗಳು ನಮ್ಮಿಬ್ಬರ ಮಧ್ಯೆ ಅಮ್ಮನೇ ಪೋಸ್ಟ್‌ಮ್ಯಾನ್. "ಊಟಕ್ಕೆ ಬಾ ಅಂತೆ." "ಮೋಟರ್ ಆಫ್ ಮಾಡ್ಬೇಕಂತೆ."

ಅದೇ ಟೈಮಲ್ಲಿ ನಾನು ಈ ಪಾಡ್‌ಕಾಸ್ಟ್‌ಗೆ 'ಹಿರಿಯರ ಜೀವನ ಪಾಠ' ಅಂತ ಸೀರೀಸ್ ಮಾಡೋಕೆ ಹೊರಟಿದ್ದೆ. ತಮಾಷೆ ನೋಡಿ. ಮನೇಲಿರೋ ಹಿರಿಯರ ಜೊತೆ ಮಾತಿಲ್ಲ, ಊರೂರು ಅಲೆದು ಬೇರೆಯವರ ತಾತಂದಿರ ಮುಂದೆ ಮೈಕ್ ಹಿಡೀತಿದ್ದೆ.

ಕಡೂರು: ಉದ್ದರಿ ಪುಸ್ತಕ

ಕಡೂರಲ್ಲಿ ಒಂದು ಹಳೇ ದಿನಸಿ ಅಂಗಡಿ. ಯಜಮಾನರಿಗೆ ಎಪ್ಪತ್ತೈದು ದಾಟಿದೆ. ಹಿಂದೆ ಈ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಹೆಸರಿತ್ತು ಅನ್ನೋದನ್ನ ಅವರು ಪ್ರತಿ ಗಿರಾಕಿಗೂ ಹೇಳ್ತಾರೆ. ಉದ್ದರಿ ಪುಸ್ತಕಾನ ಮೊಬೈಲಿಗೆ ಹಾಕ್ಕೊಡು ಅಂತ ಕೇಳಿದ್ರು. ಕೂತೆ. ಎಷ್ಟೋ ವರ್ಷದ ಬಾಕಿಗಳು. "ತಾತ, ಇವೆಲ್ಲ ಬರಲ್ಲ. ಹೊಡೆದು ಹಾಕ್ಬಿಡೋಣ" ಅಂದೆ.

"ಹೊಡೆದು ಹಾಕ್ಬೇಡ ಕಣಪ್ಪ" ಅಂದ್ರು. "ಬಾಕಿ ಇದ್ರೆ ಅವ್ನು ಯಾವತ್ತಾದ್ರೂ ಅಂಗಡಿ ಮೆಟ್ಟಿಲು ಹತ್ತುತಾನೆ. ಮನ್ನಾ ಮಾಡ್ದೆ ಅಂತ ಗೊತ್ತಾದ್ರೆ ನಾಚಿಕೆಗೆ ಈ ಬೀದೀಲೇ ಓಡಾಡಲ್ಲ. ಆಗ ದುಡ್ಡೂ ಹೋಯ್ತು, ಮನುಷ್ಯನೂ ಹೋದ."

ಅವರ ವಸೂಲಿ ಕ್ರಮಾನೂ ನೋಡಿದೆ. ಬೇರೆ ಗಿರಾಕಿ ಇರುವಾಗ ಬಾಕಿ ವಿಷಯ ಎತ್ತೋದೇ ಇಲ್ಲ. "ತೆಂಗಿನಕಾಯಿ ಕಿತ್ತಾಯ್ತಾ?" ಅಂತ ಕೇಳ್ತಾರೆ, ಅಷ್ಟೆ. ಎದುರಿಗಿರೋನಿಗೆ ಅರ್ಥ ಆಗುತ್ತೆ. ಹಾಗಂತ ಕೇಳಿದಷ್ಟು ಕೊಡಲ್ಲ. ಹೋದ್ರೂ ತಡ್ಕೋಬಹುದು ಅನ್ನೋಷ್ಟೇ ಉದ್ದರಿ. ಕ್ರೆಡಿಟ್ ಲಿಮಿಟ್ ಅಂತ ನಾವು ಪರೀಕ್ಷೇಲಿ ಬರೆದಿದ್ದನ್ನ ಅವರು ಹೆಸರಿಡದೇ ಮಾಡ್ತಿದ್ದಾರೆ.

ಒಂದು ಮಾತು ಇಲ್ಲೇ ಹೇಳ್ಬೇಕು. ಹಿರಿಯರು ಹೇಳಿದ್ದೆಲ್ಲ ಚಿನ್ನ ಅಲ್ಲ. ಅದೇ ತಾತ, ಪಿಯುಸಿ ಓದ್ತಿರೋ ಮೊಮ್ಮಗಳ ಬಗ್ಗೆ "ಹೆಣ್ಣುಡ್ಗಿಗೆ ಅಂಗಡಿ ಲೆಕ್ಕ ಯಾಕೆ?" ಅಂದ್ರು. ನನಗೆ ಸಿಟ್ಟು ಬಂತು. ಆದ್ರೆ ವಾದ ಮಾಡಲಿಲ್ಲ. "ತಾತ, ನಾನು ತಪ್ಪಾಗಿ ಕೂಡಿದ ಎರಡು ಪುಟಾನ ಹಿಡಿದಿದ್ದು ಯಾರು?" ಅಂತ ಕೇಳಿದೆ. ಹಿಡಿದಿದ್ದು ಅವಳೇ. ತಾತ ಏನೂ ಹೇಳಲಿಲ್ಲ. ಮೊಬೈಲ್ ಮಾತ್ರ ಅವಳ ಕೈಗೆ ಕೊಟ್ರು.

ಅಜ್ಜಂಪುರ: ಮೈಕ್ ಕೆಳಗಿಟ್ಟ ಮೇಲೆ

ಬೀರೂರು ಜಂಕ್ಷನ್‌ನಲ್ಲಿ ರೈಲು ದಾರಿ ಎರಡಾಗುತ್ತೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರ ಮೇಲೆ ಚಿಕ್ಕಜಾಜೂರು, ಹುಬ್ಬಳ್ಳಿ ಕಡೆಗೆ. ನಾನು ಮೊದಲು ಅಜ್ಜಂಪುರದ ದಾರಿ ಹಿಡಿದೆ. ಅಮೃತ್ ಮಹಲ್ ದನಗಳ ತಳಿ ಕೇಂದ್ರ ಇರೋ ಊರು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಅಮೃತ್ ಮಹಲ್ ಅಂತ ಹೆಸರಿಟ್ಟಿದ್ದು ಟಿಪ್ಪು. ಇದನ್ನೆಲ್ಲ ಓದ್ಕೊಂಡು, ಹನ್ನೆರಡು ಪ್ರಶ್ನೆ ಬರ್ಕೊಂಡು ಹೋಗಿದ್ದೆ.

ಈರುಳ್ಳಿ ಕಿತ್ತ ಹೊಲದಲ್ಲಿ ಒಬ್ಬರು ಅಜ್ಜಿ ಕುಡುಗೋಲಿಟ್ಕೊಂಡು ಗಡ್ಡೆಯಿಂದ ಸೊಪ್ಪು ಕೊಯ್ತಾ ಕೂತಿದ್ರು. ಮೈಕ್ ಆನ್ ಮಾಡಿ "ಅಜ್ಜಿ, ನಿಮ್ಮ ಜೀವನದಲ್ಲಿ ಕಲಿತ ದೊಡ್ಡ ಪಾಠ ಏನು?" ಅಂದೆ. ಅಜ್ಜಿ ನನ್ನನ್ನ ಮೇಲಿಂದ ಕೆಳಗೆ ನೋಡಿ, "ಉಂಡ್ಯೇನಪ್ಪ?" ಅಂದ್ರು.

ಹತ್ತು ನಿಮಿಷ ಒದ್ದಾಡಿದೆ. ಎಲ್ಲದಕ್ಕೂ "ಹೂಂ", "ಏನೋ ಕಣಪ್ಪ". ಕೊನೆಗೆ ಮೈಕ್ ಬ್ಯಾಗಿಗೆ ಹಾಕಿ, ಪಕ್ಕದಲ್ಲಿ ಬಿದ್ದಿದ್ದ ಕುಡುಗೋಲು ತಗೊಂಡು ಕೂತೆ. ಎರಡು ಪುಟ್ಟಿ ತುಂಬೋ ಹೊತ್ತಿಗೆ ಅಜ್ಜಿ ತಾವಾಗೇ ಶುರು ಮಾಡಿದ್ರು. ಇಸವಿ ಗೊತ್ತಿಲ್ಲ ಅವರಿಗೆ. "ದೊಡ್ಡ ಮಗಳು ಹೊಟ್ಟೇಲಿದ್ದಾಗ", "ಕೆರೆ ಕೋಡಿ ಬಿದ್ದ ವರ್ಷ" ಅಂತಾನೇ ಲೆಕ್ಕ. ಈರುಳ್ಳಿ ತುಂಬಿಕೊಂಡು ಯಶವಂತಪುರ ಮಾರ್ಕೆಟ್‌ಗೆ ಹೋದ ಗಂಡ, ಲಾರಿ ಬಾಡಿಗೆಗೂ ದುಡ್ಡು ಹುಟ್ಟದೆ ಮೂರು ದಿನ ಊರಿಗೇ ಬರಲಿಲ್ಲವಂತೆ. "ನಾನೇನು ದುಡ್ಡು ಕೇಳ್ತಿದ್ನೇ? ಮನುಷ್ಯ ಬಂದ್ರೆ ಸಾಕಾಗಿತ್ತು. ಅವ್ರಿಗೆ ಅದು ಹೇಳೋಕೆ ಬರ್ಲಿಲ್ಲ, ನಂಗೆ ಕೇಳೋಕೆ ಬರ್ಲಿಲ್ಲ" ಅಂದ್ರು.

ರೆಕಾರ್ಡ್ ಆಗಿಲ್ಲ ಈ ಮಾತು. ಬೇಜಾರೂ ಇಲ್ಲ. ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ರೆ ಅದು ವಿಚಾರಣೆ ಥರ ಇರುತ್ತೆ. ಪಕ್ಕ ಕೂತು ಕೈಯಲ್ಲಿ ಕೆಲಸ ಇಟ್ಕೊಂಡ್ರೆ ಮಾತು ತಾನಾಗೇ ಬರುತ್ತೆ.

ತರೀಕೆರೆ: ಹೋದ ರೈಲು

ತರೀಕೆರೆ ಅಂದ್ರೆ ನಮಗೆಲ್ಲ ಏರಿ ಮೇಲಿನ ಕರಿ ಕುರಿಮರಿ ನೆನಪಾಗುತ್ತೆ, ನಾಲಿಗೆ ತಿರುಚೋ ಆ ಮಾತು. ಸ್ಟೇಷನ್ ಹತ್ರ ಟೀ ಅಂಗಡೀಲಿ ಸಿಕ್ಕ ಅಜ್ಜ ರೈಲ್ವೇಲಿ ಹಳಿ ಕೆಲಸ ಮಾಡಿ ರಿಟೈರ್ ಆದವರು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಒಂದು ಪುಟ್ಟ ರೈಲು ಓಡ್ತಿತ್ತು. ಗೊತ್ತಿತ್ತಾ ನಿಮಗೆ? ನಂಗೆ ಗೊತ್ತಿರಲಿಲ್ಲ. ಅಜ್ಜನ ಅಪ್ಪ ಅದರಲ್ಲಿ ಓಡಾಡಿದವರಂತೆ.

ಈ ಸಲ ನಾನು ಪ್ರಶ್ನೆ ಕೇಳಲಿಲ್ಲ. ನನ್ನ ಕಷ್ಟ ಹೇಳ್ಕೊಂಡೆ. ಬೋರು, ಎಕ್ಸೆಲ್, ಅಪ್ಪನ ಮೌನ, ಎಲ್ಲ. ನೋಡಿ, ನೀರಿನ ವಿಷಯ ಇಲ್ಲಿ ಇನ್ನೂ ಚುಚ್ಚುತ್ತೆ. ಲಕ್ಕವಳ್ಳಿಯ ಭದ್ರಾ ಡ್ಯಾಂ ಇರೋದು ಇದೇ ತರೀಕೆರೆ ತಾಲ್ಲೂಕಲ್ಲಿ, 186 ಅಡಿ ಮಟ್ಟದ ಡ್ಯಾಂ. ಭದ್ರಾ ಮೇಲ್ದಂಡೆ ಯೋಜನೇಲಿ ಅಜ್ಜಂಪುರದ ಹತ್ರ ಸುರಂಗ ಕೊರೆದು ಚಿತ್ರದುರ್ಗ, ತುಮಕೂರು ಕಡೆಗೆ ನೀರು ಒಯ್ಯೋ ದಾರಿ ಮಾಡಿದ್ದಾರೆ. ನಮ್ಮ ತೋಟದಲ್ಲಿ ಮಾತ್ರ 780 ಅಡಿ ಕೆಳಗೆ ಧೂಳು.

ಅಜ್ಜ ಟೀ ಮುಗಿಸಿ ಹೇಳಿದ್ರು: "ನಿನ್ನ ಲೆಕ್ಕ ಸರಿ ಇದೆ. ಹೋದ ರೈಲಿನ ಟಿಕೆಟ್ ಇಟ್ಕೊಂಡು ಪ್ಲಾಟ್‌ಫಾರಂನಲ್ಲಿ ಕೂತ್ರೆ ರೈಲು ವಾಪಸ್ ಬರಲ್ಲ." ನಂಗೆ ಖುಷಿ ಆಯ್ತು. ಸಂಕ್ ಕಾಸ್ಟ್‌ಗೆ ಇದಕ್ಕಿಂತ ಒಳ್ಳೇ ಕನ್ನಡ ಇಲ್ಲ! ಅಷ್ಟರಲ್ಲಿ ಅವರೇ ಮತ್ತೆ ಕೇಳಿದ್ರು: "ಆದ್ರೆ ಟಿಕೆಟ್ ಬಿಸಾಕು ಅಂತ ಹೇಳೋಕೆ ಮುಂಚೆ, ಆ ರೈಲಲ್ಲಿ ನಿಮ್ಮಪ್ಪ ಎಲ್ಲಿಗೆ ಹೊರಟಿದ್ರು ಅಂತ ಕೇಳಿದ್ಯಾ?"

ಕೇಳಿರಲಿಲ್ಲ.

ಮನೆ

ಮಾರನೇ ದಿನ ಅಪ್ಪ ಜಗಲೀಲಿ ಅಡಿಕೆ ಸುಲೀತಾ ಕೂತಿದ್ರು. ಪಕ್ಕ ಹೋಗಿ ಕೂತೆ. ಮಾತಾಡಲಿಲ್ಲ, ನಾನೂ ಸುಲಿದೆ. ನನಗೆ ಸರಿಯಾಗಿ ಬರಲ್ಲ, ಬೆರಳು ಕುಯ್ಕೊಂಡೆ. "ಹಂಗಲ್ಲ, ಕೊಡಿಲ್ಲಿ" ಅಂದ್ರು. ಒಂದೂವರೆ ತಿಂಗಳಾದ ಮೇಲೆ ನೇರವಾಗಿ ಆಡಿದ ಮೊದಲ ಮಾತು.

ತುಂಬಾ ಹೊತ್ತಾದ ಮೇಲೆ ಕೇಳಿದೆ: "ಅಪ್ಪ, ಮೂರನೇ ಬೋರಲ್ಲಿ ನೀರು ಬಂದ್ರೆ ಮೊದಲು ಏನು ಮಾಡ್ಬೇಕು ಅಂತಿದ್ದೆ?"

ಅಪ್ಪ ತಲೆ ಎತ್ತಲಿಲ್ಲ. "ನಿಮ್ಮಮ್ಮನ ಸರ ಬಿಡಿಸ್ಬೇಕು" ಅಂದ್ರು.

ಎರಡನೇ ಬೋರ್ ಕೊರೆಸಿದ್ದು ಅಮ್ಮನ ಸರ ಅಡವಿಟ್ಟು. ನಂಗೆ ಗೊತ್ತೇ ಇರಲಿಲ್ಲ. ಡೆಬಿಟ್ ಇದ್ರೆ ಅದಕ್ಕೊಂದು ಕ್ರೆಡಿಟ್ ಇರಲೇಬೇಕು, ಇದು ಕಾಮರ್ಸ್‌ನ ಮೊದಲ ಪಾಠ. ನನ್ನ ಶೀಟಲ್ಲಿ ಎರಡನೇ ಬೋರಿನ ಖರ್ಚು ಇತ್ತು. ಆ ದುಡ್ಡು ಎಲ್ಲಿಂದ ಬಂತು ಅನ್ನೋ ಕಾಲಂ ಇರಲಿಲ್ಲ. 'ಮರೆತುಬಿಡು' ಅಂತ ನಾನು ಹೇಳಿದ್ದು ಅಮ್ಮನ ಕುತ್ತಿಗೆಯ ಸರಾನ. ಅಮ್ಮ ನನ್ನ ಮುಂದೆ ಕರಿಮಣಿ ಹಾಕ್ಕೊಂಡೇ ಓಡಾಡ್ತಿದ್ರೂ ನಾನು ಗಮನಿಸಿರಲಿಲ್ಲ.

ಕಡೂರಿನ ತಾತ ನೆನಪಾದ್ರು. ಹೊಡೆದು ಹಾಕ್ಬೇಡ, ಮನುಷ್ಯ ನಾಚಿಕೊಂಡು ದೂರ ಹೋಗ್ತಾನೆ. ಹಾಗಾಗಿ ಯಾಕೆ ಹೇಳಲಿಲ್ಲ ಅಂತ ಕೇಳೋಕೆ ಹೋಗಲಿಲ್ಲ. "ಬಡ್ಡಿ ಎಷ್ಟು ಬೀಳ್ತಿದೆ?" ಅಂತ ಮಾತ್ರ ಕೇಳಿದೆ. ಅವತ್ತು ರಾತ್ರಿ ಮೂವರೂ ಕೂತು ಹೊಸ ಲೆಕ್ಕ ಹಾಕಿದ್ವಿ, ಲ್ಯಾಪ್‌ಟಾಪಲ್ಲಲ್ಲ, ಹಳೇ ಕ್ಯಾಲೆಂಡರ್ ಹಿಂದೆ. ಮೂರನೇ ಬೋರ್ ಬೇಡ. ಇರೋ ನೀರಲ್ಲಿ ಅರ್ಧ ಎಕರೆ ಅಡಿಕೆಗೆ ಡ್ರಿಪ್. ಮಿಕ್ಕಿದ್ದರಲ್ಲಿ ತೆಂಗು ಬದುಕಿದಷ್ಟು ಬದುಕಲಿ, ಖಾಲಿ ಜಾಗಕ್ಕೆ ರಾಗಿ. ಮೊದಲು ಸರ ಬಿಡಿಸೋದು.

ಎಲ್ಲ ಸರಿ ಹೋಯ್ತು ಅಂತ ಹೇಳಲ್ಲ. ಬೇಸಿಗೇಲಿ ತಾತ ನೆಟ್ಟ ಎಷ್ಟೋ ಅಡಿಕೆ ಮರ ಒಣಗಿದ್ವು. ಅಪ್ಪ ಆ ಕಡೆ ಹೋಗೋದನ್ನೇ ಬಿಟ್ಟಿದ್ರು, ಈಗೀಗ ಹೋಗ್ತಾರೆ. ಸರ ಇನ್ನೂ ಅಡವಲ್ಲೇ ಇದೆ. ಆದ್ರೆ ಅಸಲು ಕಡಿಮೆ ಆಗ್ತಿದೆ, ಅದರ ಲೆಕ್ಕ ಮೂವರಿಗೂ ಗೊತ್ತು.

ಹಿರಿಯರ ಹತ್ರ ಮಾತಾಡಿದ್ರೆ ರೆಡಿಮೇಡ್ ಉತ್ತರ ಸಿಗುತ್ತೆ ಅಂದ್ಕೊಂಡು ಹೊರಟಿದ್ದೆ. ನಂಗೆ ಸಿಕ್ಕಿದ್ದು ಒಂದು ಸರಿಯಾದ ಪ್ರಶ್ನೆ. ಅದನ್ನ ಮನೇಲಿ ಕೇಳೋಕೆ ಮೂರು ಊರು ಸುತ್ತಬೇಕಾಯ್ತು.

ನೀವು ಅಷ್ಟು ಸುತ್ತಬೇಡಿ. ಈ ವಾರ ಮನೇಲಿರೋ ಹಿರಿಯರ ಪಕ್ಕ ಕೂತು ಅವರೆಕಾಯಿ ಸುಲೀರಿ, ಬಟ್ಟೆ ಮಡಚಿ, ಏನಾದ್ರೂ ಮಾಡಿ. ಫೋನ್ ಒಳಗಿರಲಿ. ಅವರು ಏನಂದ್ರು ಅಂತ ಆಮೇಲೆ ನಂಗೊಂದು ವಾಯ್ಸ್ ನೋಟ್ ಕಳ್ಸಿ. ಕಳಿಸದೇ ನಿಮ್ಮಲ್ಲೇ ಇಟ್ಕೊಂಡ್ರೂ ಪರವಾಗಿಲ್ಲ. ಮುಂದಿನ ವಾರ ಸಿಗೋಣ.