ಕೊಂಡು ಮಾರುವ ಮನೆಯ ಲೆಕ್ಕ

(ಉಡುಪಿಯಲ್ಲಿ ನಡೆದ ಯುವಕ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಈ ಶಿಬಿರಕ್ಕೆ ಬಂದಂದಿನಿಂದ ನಿಮ್ಮಲ್ಲಿ ಹಲವರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದೀರಿ. ಹಳೆಯ ಮನೆಯೊಂದನ್ನು ಅಗ್ಗಕ್ಕೆ ಕೊಂಡು, ಸುಣ್ಣಬಣ್ಣ ಬಳಿದು, ವರ್ಷದೊಳಗೆ ಮಾರಿದರೆ ಲಕ್ಷಗಟ್ಟಲೆ ಲಾಭವಂತೆ; ಅಂಥ ಮನೆಯನ್ನು ಹುಡುಕುವುದು ಹೇಗೆ? ಹುಡುಕಿದರೆ ತಪ್ಪೇನು? ಕೆಲಸ ಸಿಕ್ಕದ ಹುಡುಗರು ಕೇಳುವ ಪ್ರಶ್ನೆ ಇದು. ಬರಿಯ ಘೋಷಣೆ ಕೂಗಿ ಇದಕ್ಕೆ ಉತ್ತರ ಕೊಟ್ಟರೆ ನೀವು ನಗುತ್ತೀರಿ. ನಾನು ಕಾನೂನು ಓದಿದವನಲ್ಲ, ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸಿದವನು. ಆದುದರಿಂದ ಲೆಕ್ಕದ ಮೂಲಕವೇ ಹೇಳುತ್ತೇನೆ.

ಮೊದಲು ಬೆಲೆ ಏರಿದ್ದು ಹೇಗೆಂಬುದನ್ನು ನೋಡೋಣ. ಮಣಿಪಾಲ ಒಂದು ಕಾಲಕ್ಕೆ ಮುರಕಲ್ಲಿನ ಬೋಳುಗುಡ್ಡ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಅಲ್ಲಿ ವೈದ್ಯಕೀಯ ಕಾಲೇಜು ತೆರೆದರು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ವಿದ್ಯಾರ್ಥಿಗಳು ಬಂದರು, ಬಾಡಿಗೆ ಬಂತು, ಬಾಡಿಗೆಯ ಬೆನ್ನಿಗೆ ಕ್ರಯ ಏರಿತು. 1997ರಲ್ಲಿ ಉಡುಪಿ ಜಿಲ್ಲಾ ಕೇಂದ್ರವಾಯಿತು, 2018ರಲ್ಲಿ ಕಾಪು ತಾಲೂಕಾಯಿತು. ರಸ್ತೆ, ಕಚೇರಿ, ಆಸ್ಪತ್ರೆ ಬಂದಲ್ಲೆಲ್ಲ ಸೆಂಟ್ಸಿನ ಬೆಲೆ ಏರಿತು. ಏರಿಸಿದವರು ಊರಿನ ಎಲ್ಲರೂ. ಹೀಗೆ ಏರಿದ ಬೆಲೆಯನ್ನು ಕೈಗೆ ಹಾಕಿಕೊಳ್ಳುವವನು ಮಾತ್ರ ಆ ಹೊತ್ತಿಗೆ ಕ್ರಯಪತ್ರ ಹಿಡಿದಿದ್ದವನು.

ಈಗ ಲೆಕ್ಕ. ಉಡುಪಿಯ ಅಂಚಿನ ಒಂದು ಹಂಚಿನ ಮನೆಯನ್ನು 50 ಲಕ್ಷಕ್ಕೆ ಕೊಂಡಿರೆಂದು ಇಟ್ಟುಕೊಳ್ಳಿ. 45 ಲಕ್ಷಕ್ಕೆ ಮೇಲ್ಪಟ್ಟ ಕ್ರಯಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಉಪಕರ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ನೂರಕ್ಕೆ 1 ಇದ್ದದ್ದು 2 ಆಗಿದೆ. ಒಟ್ಟು ನೂರಕ್ಕೆ 7.6ರ ಹತ್ತಿರ, ಅಂದರೆ 3 ಲಕ್ಷ 80 ಸಾವಿರ. ದಲ್ಲಾಳಿಗೆ ನೂರಕ್ಕೆ ಒಂದರಂತೆ 50 ಸಾವಿರ. ಪಕ್ಕಾಸು, ರೀಪು ಬದಲಿಸಿ, ಗೆದ್ದಲು ತೆಗೆಸಿ, ಸಾರಣೆ ಮಾಡಿಸಲು 6 ಲಕ್ಷ. 40 ಲಕ್ಷದ ಸಾಲಕ್ಕೆ ನೂರಕ್ಕೆ 9ರಂತೆ ಹತ್ತು ತಿಂಗಳ ಬಡ್ಡಿ 3 ಲಕ್ಷ. ಮಾರುವಾಗ ದಲ್ಲಾಳಿಗೆ ಮತ್ತೆ 70 ಸಾವಿರ. ಕೂಡಿಸಿದರೆ 64 ಲಕ್ಷ. 70 ಲಕ್ಷಕ್ಕೆ ಮಾರಿದರೆ ನಿಮಗೆ ಉಳಿಯುವುದು 6 ಲಕ್ಷ. 24 ತಿಂಗಳೊಳಗೆ ಮಾರಿದಿರಾದರೆ ಆ ಲಾಭ ನಿಮ್ಮ ಉಳಿದ ಆದಾಯಕ್ಕೆ ಸೇರಿ ವರಮಾನ ತೆರಿಗೆಗೆ ಬೀಳುತ್ತದೆ. ಹತ್ತು ತಿಂಗಳಲ್ಲಿ ಮಾರಾಟವಾಗದೆ ಇಪ್ಪತ್ತಾದರೆ ಬಡ್ಡಿಯೇ ಲಾಭದ ಅರ್ಧವನ್ನು ತಿನ್ನುತ್ತದೆ. 2020ರಲ್ಲಿ ಕೊರೋನಾದಿಂದ ಕಾಲೇಜುಗಳು ಮುಚ್ಚಿ ವಿದ್ಯಾರ್ಥಿಗಳು ಊರಿಗೆ ಹೋದಾಗ, ಬಾಡಿಗೆಯನ್ನು ನಂಬಿ ಮಣಿಪಾಲದಲ್ಲಿ ಮನೆ ಕೊಂಡವರು ಇದನ್ನು ಚೆನ್ನಾಗಿ ಕಲಿತರು.

ಹಾಗಾದರೆ ಲಾಭದ ಮನೆಯನ್ನು ಗುರುತಿಸುವುದು ಹೇಗೆ? ಕೊಳ್ಳುವ ದಿನವೇ ಲಾಭ ನಿಶ್ಚಯವಾಗುತ್ತದೆ, ಮಾರುವ ದಿನವಲ್ಲ. ಆದ್ದರಿಂದ ಗೋಡೆಯ ಬಣ್ಣ ನೋಡುವ ಮುಂಚೆ ಕಾಗದ ನೋಡಬೇಕು. ಕಡಿಮೆಯೆಂದರೆ 30 ವರ್ಷದ ಋಣಭಾರ ಪತ್ರ ತೆಗೆಸಿ. ಮೂಲಗೇಣಿಯ ಸ್ಥಳವೋ ಸ್ವಂತ ವರ್ಗವೋ ಕೇಳಿ. ಹಿತ್ತಲಿನ ಹಿಂದಿನ ಗುಡ್ಡವನ್ನು ತೋರಿಸಿ 'ಇದೂ ನಮ್ಮದೇ' ಎಂದರೆ ಅದು ಕುಮ್ಕಿಯಿರಬಹುದು. ಕುಮ್ಕಿಯಲ್ಲಿ ಸೊಪ್ಪು ಸೌದೆಯಂಥ ಸವಲತ್ತು ಮಾತ್ರ ವರ್ಗದಾರನದು, ಭೂಮಿ ಸರಕಾರದ್ದು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯಾದರೆ 1978ರ ಕಾಯಿದೆಯಂತೆ ಸರಕಾರದ ಅನುಮತಿಯಿಲ್ಲದ ಕ್ರಯ ನಿಲ್ಲುವುದಿಲ್ಲ. ಅರ್ಜಿ ಹಾಕಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಅಳಿಯಸಂತಾನದ ಹಳೆಯ ಕುಟುಂಬದ ಮನೆಯಾದರೆ ಪಾಲುದಾರರು ಮುಂಬಯಿಯಲ್ಲಿ ಒಬ್ಬರು, ದುಬಾಯಿಯಲ್ಲಿ ಇನ್ನೊಬ್ಬರು. ಒಂದು ಸಹಿ ತಪ್ಪಿದರೂ ಮುಂದೆ ದಾವೆ ಕಾದಿರುತ್ತದೆ. ಕಾಪುವಿನ ಕಡಲ ಕರೆಯಲ್ಲಾದರೆ ಕರಾವಳಿ ನಿಯಂತ್ರಣ ವಲಯದ ಗೆರೆ ಎಲ್ಲಿ ಹಾದಿದೆಯೆಂದು ತಿಳಿಯದೆ ಮುಂಗಡ ಕೊಡಬೇಡಿ. ಬಾವಿಯ ನೀರನ್ನು ಮೇ ತಿಂಗಳಲ್ಲಿ ಕುಡಿದು ನೋಡಿ, ಉಪ್ಪಾಗಿದ್ದೀತು. ಕಾರ್ಕಳದ ಕಡೆ ಮನೆಯನ್ನು ಆಟಿಯ ಮಳೆಯಲ್ಲಿ ನೋಡಿ. ಬೇಸಗೆಯಲ್ಲಿ ಸೋರುವ ಮಾಡು ಯಾವುದೂ ಇಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಮನೆ ಪೇಟೆಯ ಬೆಲೆಗಿಂತ ಬಹಳ ಅಗ್ಗಕ್ಕೆ ಸಿಕ್ಕಿತೆನ್ನಿ. ಆಗ ಕೇಳಬೇಕಾದ ಪ್ರಶ್ನೆ ಒಂದು ಉಳಿದಿದೆ: ಏಕೆ ಅಗ್ಗ?

ಇದಕ್ಕೆ ನನ್ನದೇ ಒಂದು ಸಂಗತಿ ಹೇಳಬೇಕು. ನಾನು ಶಾಲೆಯಲ್ಲಿದ್ದಾಗ ಕಾರ್ಕಳದ ಹತ್ತಿರ ಒಬ್ಬ ಹೆಂಗಸು ಮನೆ ಮಾರಲು ಹೊರಟರು. ಗಂಡನ ಆಸ್ಪತ್ರೆಯ ಖರ್ಚು, ಮೇಲೆ ಕೈಸಾಲ. ದಲ್ಲಾಳಿಯೊಬ್ಬ ಕಾಗದ ಓದಿಹೇಳಲು ನನ್ನನ್ನು ಕರೆದುಕೊಂಡು ಹೋದ. ನಾನು ಓದಿ ಹೇಳಿದೆ. ಒಂದಕ್ಷರವೂ ಸುಳ್ಳು ಹೇಳಲಿಲ್ಲ. 'ಮಾಸ್ಟ್ರು ಓದಿದ್ದಾರೆ' ಎಂದು ಆಕೆ ಸಹಿ ಹಾಕಿದರು. ಬರುವಾಗ ದಲ್ಲಾಳಿ ಹತ್ತು ಸಾವಿರ ರೂಪಾಯಿ ನನ್ನ ಜೇಬಿಗೆ ಹಾಕಿದ, ನಾನು ತೆಗೆದುಕೊಂಡೆ. ಎಂಟು ತಿಂಗಳ ಮೇಲೆ ಅದೇ ಮನೆ, ಬಣ್ಣ ಬಳಿದುಕೊಂಡು, ಒಂಬತ್ತು ಲಕ್ಷ ಹೆಚ್ಚಿಗೆ ಮಾರಾಟವಾಯಿತು. ಆಕೆ ಬಸ್ ನಿಲ್ದಾಣದಲ್ಲಿ ಸಿಕ್ಕಿ ಕೇಳಿದರು: "ಆ ಬೆಲೆ ಸಿಗುತ್ತದೆಂದು ನಿಮಗೆ ಗೊತ್ತಿತ್ತೇ, ಮಾಸ್ಟ್ರೇ?" ಗೊತ್ತಿತ್ತು. ನಾಲ್ಕು ಮನೆ ಆಚೆ ಯಾವ ಬೆಲೆಗೆ ಮಾರಾಟವಾಗಿತ್ತೆಂದು ನನಗೆ ಗೊತ್ತಿತ್ತು. ಕೇಳಲಿಲ್ಲವಾದ್ದರಿಂದ ಹೇಳಿರಲಿಲ್ಲ. ಆ ಹಣವನ್ನು ಆಮೇಲೆ ಹಿಂದಕ್ಕೆ ಕೊಟ್ಟೆ. ಮನೆಯನ್ನು ಹಿಂದಕ್ಕೆ ಕೊಡುವುದು ನನ್ನ ಕೈಯಲ್ಲಿರಲಿಲ್ಲ.

ಅಂದಿನಿಂದ ಈ ಲಾಭವನ್ನು ಮೂರಾಗಿ ಒಡೆದು ನೋಡುತ್ತೇನೆ. ಸೋರುವ ಮಾಡನ್ನು ರಿಪೇರಿ ಮಾಡಿ ಗಳಿಸಿದ್ದು ದುಡಿಮೆಯ ಫಲ. ಅದನ್ನು ತೆಗೆದುಕೊಳ್ಳಿ, ನಾಚಬೇಡಿ. ಸಿಕ್ಕುಬಿದ್ದ ಕಾಗದಪತ್ರ ಬಿಡಿಸಿ ಗಳಿಸಿದ್ದಕ್ಕೂ ನ್ಯಾಯವಾದ ಕೂಲಿಯುಂಟು. ಮೂರನೆಯದು ಮಾರುವವನ ಕಷ್ಟದಿಂದಲೂ ಅಜ್ಞಾನದಿಂದಲೂ ಬರುವ ಲಾಭ. ಪೇಟೆಯಲ್ಲಿ ಜಾಣತನವೆಂದು ಹೊಗಳುವುದು ಹೆಚ್ಚಾಗಿ ಇದನ್ನೇ.

ಕೊನೆಗೆ ಆ ಮನೆಯಲ್ಲಿ ವಾಸಿಸುವವನ ಲೆಕ್ಕವನ್ನೂ ನೋಡಿ. ಮೇಲಿನ 50 ಲಕ್ಷದ ಮನೆಯನ್ನು ಒಬ್ಬ ಸಂಸಾರಸ್ಥ ನೇರವಾಗಿ ಕೊಂಡು ರಿಪೇರಿ ಮಾಡಿಸಿದ್ದರೆ 60 ಲಕ್ಷ 30 ಸಾವಿರಕ್ಕೆ ಮುಗಿಯುತ್ತಿತ್ತು. ನಿಮ್ಮ ಕೈದಾಟಿ ಬಂದಾಗ ಶುಲ್ಕ, ದಲ್ಲಾಳಿ ಸೇರಿ ಅವನಿಗೆ 76 ಲಕ್ಷ ಬೀಳುತ್ತದೆ. ನಡುವಿನ 15 ಲಕ್ಷ 70 ಸಾವಿರದಲ್ಲಿ ನಿಮಗೆ 6, ಸರಕಾರಕ್ಕೆ 5ಕ್ಕೂ ಹೆಚ್ಚು, ಬ್ಯಾಂಕಿಗೆ 3, ಉಳಿದದ್ದು ದಲ್ಲಾಳಿಗೆ. ಮನೆಗೆ ಒಂದು ಹಂಚೂ ಹೆಚ್ಚಾಗಲಿಲ್ಲ. ಕೈಯಿಂದ ಕೈಗೆ ಹೋದಷ್ಟೂ ಮನೆ ಮಾಸ್ತರನಿಗೆ, ದಾದಿಗೆ, ಬಸ್ಸಿನ ಕಂಡಕ್ಟರನಿಗೆ ದೂರವಾಗುತ್ತದೆ.

ಈ ಜಿಲ್ಲೆಯಲ್ಲಿ ಇದು ಇನ್ನೂ ನೋಯುವ ಮಾತು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಚಾಲಗೇಣಿಯ ಒಕ್ಕಲುಗಳು ಏಳನೆಯ ನಮೂನೆಯ ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಮುಂದೆ ನಿಂತು, ಅಡಿಸ್ಥಳಕ್ಕೆ ಒಡೆಯರಾದರು. 2020ರಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದಮೇಲೆ ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳಬಹುದು. ಅಜ್ಜ ಅರ್ಜಿ ಹಾಕಿ ಪಡೆದದ್ದನ್ನು ಮೊಮ್ಮಗ ಬೆಲೆ ತಿಳಿಯದೆ ಕಳೆದುಕೊಳ್ಳುತ್ತಿದ್ದಾನೆ. ಕೊಳ್ಳಲು ಬರುವವನಿಗೆ ಮಾತ್ರ ಬೆಲೆ ಗೊತ್ತಿರುತ್ತದೆ.

ಆದುದರಿಂದ ನನ್ನ ಸೂಚನೆ ಸಣ್ಣದು. ನೀವು ಕಲಿತ ಈ ಕಾಗದ ಓದುವ ವಿದ್ಯೆಯನ್ನು ಮಾರುವವರ ಪಕ್ಕದಲ್ಲಿ ಕುಳಿತು ಉಪಯೋಗಿಸಿ. ಪ್ರತಿ ಆದಿತ್ಯವಾರ ಉಡುಪಿ, ಕಾಪು, ಕಾರ್ಕಳಗಳಲ್ಲಿ ಇಬ್ಬಿಬ್ಬರು ಕುಳಿತುಕೊಳ್ಳೋಣ. ಮನೆ ಮಾರಲು ಹೊರಟವರ ಪಹಣಿ, ಋಣಭಾರ ಪತ್ರ ಓದಿ, ನೆರೆಯಲ್ಲಿ ಯಾವ ಬೆಲೆ ನಡೆದಿದೆಯೆಂದು ಅವರು ಕೇಳದಿದ್ದರೂ ಹೇಳೋಣ. ಕೂಲಿ ಬೇಡ. ಮೊದಲ ವಾರ ಕಾರ್ಕಳದಲ್ಲಿ ನಾನೇ ಕುಳಿತುಕೊಳ್ಳುತ್ತೇನೆ.